ಯಾರೂ ನೋಡದ ಒಂದು ಹೊಡೆತ: ಹವ್ಯಾಸಿ ಗಾಲ್ಫರ್ ಒಬ್ಬರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೊಂದು ಪಾಠ

2021ರ ಆಗಸ್ಟ್ 7ರ ಬೆಳಿಗ್ಗೆ ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಟಿವಿಯಲ್ಲಿ ಗಾಲ್ಫ್ ನೋಡಿದೆವು. ಟೋಕಿಯೋ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್‌ನ ಕೊನೆಯ ದಿನ ಅದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನ, 72 ಕುಳಿ ಆಡಿ ನಾಲ್ಕನೇ ಸ್ಥಾನಕ್ಕೆ ನಿಂತರು. ಬೆಳ್ಳಿ, ಕಂಚಿಗಾಗಿ ಪ್ಲೇಆಫ್ ಆಡಿದ ಇಬ್ಬರಿಗೂ ಅವರಿಗೂ ಇದ್ದ ವ್ಯತ್ಯಾಸ ಒಂದೇ ಒಂದು ಹೊಡೆತ. ಅವತ್ತೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. ಹಾಸ್ಟೆಲ್‌ನಲ್ಲಿ ಬೆಳಗಿನ ಗಾಲ್ಫ್ ಮಾತು ಅಲ್ಲಿಗೇ ನಿಂತುಹೋಯಿತು.

ಈ ಪಾಠದಲ್ಲಿ ನಾವು ಇನ್ನೊಂದು 'ಒಂದು ಹೊಡೆತ'ದ ಬಗ್ಗೆ ತಿಳಿಯೋಣ. ಅದು ನಡೆದದ್ದು 1925ರಲ್ಲಿ, ಅಮೆರಿಕದಲ್ಲಿ. ಅದನ್ನು ನೋಡಿದವರು ಒಬ್ಬರೇ, ಆಡಿದವರು. ಹೆಸರು ಬಾಬಿ ಜೋನ್ಸ್. ಗಾಲ್ಫ್‌ನಿಂದ ಒಂದು ಪೈಸೆ ಬಹುಮಾನ ತೆಗೆದುಕೊಳ್ಳದ ಹವ್ಯಾಸಿ ಆಟಗಾರ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್! ಒಬ್ಬ ಹವ್ಯಾಸಿ ಟೂರ್ನಮೆಂಟ್‌ಗೆ ಹೇಗೆ ತಯಾರಾಗುತ್ತಾನೆ, ಹೇಗೆ ಆಡುತ್ತಾನೆ ಅನ್ನೋದನ್ನು ಅವರ ಉದಾಹರಣೆ ಇಟ್ಟುಕೊಂಡೇ ನೋಡೋಣ. ಆಟದ ಬಗ್ಗೆ ಏನೂ ಗೊತ್ತಿಲ್ಲದವರೂ ಓದಬಹುದು, ಮೊದಲಿನಿಂದ ಶುರುಮಾಡುತ್ತೇವೆ.

1. ಆಟದ ಲೆಕ್ಕ

ಒಂದು ಗಾಲ್ಫ್ ಮೈದಾನದಲ್ಲಿ 18 ಕುಳಿಗಳು. ಪ್ರತಿ ಕುಳಿಗೂ ಒಂದು ಆರಂಭದ ಜಾಗ, ಅದೇ ಟೀ. ಅಲ್ಲಿಂದ ಕತ್ತರಿಸಿದ ಹುಲ್ಲಿನ ದಾರಿ ಫೇರ್‌ವೇ. ಅಕ್ಕಪಕ್ಕದ ಉದ್ದ ಹುಲ್ಲು ರಫ್. ಅಲ್ಲಲ್ಲಿ ಮರಳಿನ ಗುಂಡಿ, ಅಂದರೆ ಬಂಕರ್. ಕೊನೆಗೆ ನುಣ್ಣಗೆ ಕತ್ತರಿಸಿದ ಗ್ರೀನ್, ಅದರಲ್ಲಿ 108 ಮಿಲಿಮೀಟರ್ ವ್ಯಾಸದ ಕುಳಿ. ಚೆಂಡನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಆ ಕುಳಿಗೆ ಹಾಕುತ್ತೀರಿ ಅನ್ನೋದೇ ಆಟ. ನುರಿತ ಆಟಗಾರನಿಗೆ ಇಷ್ಟು ಸಾಕು ಅಂತ ಪ್ರತಿ ಕುಳಿಗೂ ಗೊತ್ತುಮಾಡಿದ ಸಂಖ್ಯೆಯೇ ಪಾರ್. ಅದು 3, 4 ಅಥವಾ 5. ಹದಿನೆಂಟೂ ಕೂಡಿದರೆ ಸಾಮಾನ್ಯವಾಗಿ 72.

ಇಲ್ಲಿ ಒಂದು ವಿಷಯ ಗಮನಿಸಿ. ಪಾರ್ ಲೆಕ್ಕದಲ್ಲಿ ಪ್ರತಿ ಗ್ರೀನ್ ಮೇಲೂ ಎರಡು ಪಟ್, ಅಂದರೆ ಚೆಂಡನ್ನು ನೆಲದ ಮೇಲೇ ಉರುಳಿಸುವ ಎರಡು ಹೊಡೆತ, ಸೇರಿರುತ್ತವೆ. 18 × 2 = 36. ಒಟ್ಟು ಹೊಡೆತಗಳಲ್ಲಿ ಅರ್ಧ ನಡೆಯೋದು ಗ್ರೀನ್ ಮೇಲೇ! ಇನ್ನೂರು ಮೀಟರ್ ಹಾರುವ ಡ್ರೈವ್‌ಗೂ ಒಂದು ಅಂಕ, ಒಂದು ಗೇಣು ಉರುಳುವ ಪಟ್‌ಗೂ ಒಂದು ಅಂಕ.

ಈಗ ಸ್ವಲ್ಪ ತ್ರಿಕೋನಮಿತಿ. 180 ಮೀಟರ್ ಡ್ರೈವ್‌ನ ದಿಕ್ಕು 5 ಡಿಗ್ರಿ ತಪ್ಪಿದರೆ ಚೆಂಡು ಪಕ್ಕಕ್ಕೆ ಹೋಗೋದು 180 × tan 5°, ಸುಮಾರು 16 ಮೀಟರ್. ಫೇರ್‌ವೇ 30 ಮೀಟರ್ ಅಗಲ ಇದೆ ಅಂದುಕೊಂಡರೆ, ಚೆಂಡು ಅದರ ಅಂಚಿನಲ್ಲೇ ಬಿತ್ತು. ಅಲ್ಲಿಂದ ಇನ್ನೂ ಆಡಬಹುದು. ಆದರೆ 3 ಮೀಟರ್ ದೂರದ ಪಟ್‌ನಲ್ಲಿ? ಚೆಂಡಿನ ಕೇಂದ್ರ ಕುಳಿಯ ಮೇಲೆ ಹಾಯಬೇಕಾದರೆ ಎರಡೂ ಬದಿಗೆ 54 ಮಿಲಿಮೀಟರ್ ಮಾತ್ರ ಅವಕಾಶ. 54 ಭಾಗಿಸು 3000 ಅಂದರೆ 0.018 ರೇಡಿಯನ್, ಸರಿಸುಮಾರು 1 ಡಿಗ್ರಿ. ಸಮತಟ್ಟು ನೆಲದಲ್ಲೇ ಈ ಗತಿ. ಇಳಿಜಾರಿದ್ದರೆ ಇನ್ನೂ ಕಷ್ಟ. ದೂರ ಹೊಡೆಯೋದು ನೋಡೋಕೆ ಚೆಂದ, ಟಾಲರೆನ್ಸ್ ಬಿಗಿಯಾಗಿರೋದು ಹತ್ತಿರದಲ್ಲಿ.

2. ಹವ್ಯಾಸಿ ಅಂದರೆ ಯಾರು?

ಹಣಕ್ಕಾಗಿ ಆಡುವವರು ವೃತ್ತಿಪರರು, ಪ್ರೀತಿಗಾಗಿ ಆಡುವವರು ಹವ್ಯಾಸಿಗಳು. ನಮ್ಮ ಕನ್ನಡದಲ್ಲಿ ಇದಕ್ಕೆ ಒಳ್ಳೆ ಉದಾಹರಣೆ ನಾಟಕ. ಒಂದು ಕಡೆ ಕಂಪನಿ ನಾಟಕಗಳ ವೃತ್ತಿ ರಂಗಭೂಮಿ, ಇನ್ನೊಂದು ಕಡೆ ಆಫೀಸು ಮುಗಿಸಿ ಬಂದು ರಾತ್ರಿ ತಾಲೀಮು ಮಾಡುತ್ತಿದ್ದವರ ಹವ್ಯಾಸಿ ರಂಗಭೂಮಿ. ಹವ್ಯಾಸಿ ಅಂದಮಾತ್ರಕ್ಕೆ ಕೆಲಸ ಅರೆಬರೆ ಅಂತ ಯಾರೂ ಹೇಳುವ ಹಾಗಿಲ್ಲ. ಗಾಲ್ಫ್‌ನಲ್ಲೂ ಹಾಗೇ.

ಹವ್ಯಾಸಿ ಟೂರ್ನಮೆಂಟ್‌ನಲ್ಲಿ ಬೇರೆ ಬೇರೆ ಮಟ್ಟದವರು ಒಟ್ಟಿಗೆ ಆಡಬೇಕಾದರೆ ಬಳಕೆಗೆ ಬರೋದು ಹ್ಯಾಂಡಿಕ್ಯಾಪ್. 2020ರಿಂದ ಜಾರಿಯಲ್ಲಿರುವ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಂ ಪ್ರಕಾರ ಪ್ರತಿ ಸುತ್ತಿಗೂ ಒಂದು 'ಡಿಫರೆನ್ಷಿಯಲ್' ಲೆಕ್ಕ ಹಾಕುತ್ತಾರೆ. ಆಯಾ ದಿನದ ಪರಿಸ್ಥಿತಿಗೆ ಮಾಡುವ ಸಣ್ಣ ಹೊಂದಾಣಿಕೆ ಬಿಟ್ಟರೆ ಸೂತ್ರ ಇಷ್ಟೇ:

ಡಿಫರೆನ್ಷಿಯಲ್ = (113 ÷ ಸ್ಲೋಪ್) × (ಸ್ಕೋರ್ − ಕೋರ್ಸ್ ರೇಟಿಂಗ್)

ಕೋರ್ಸ್ ರೇಟಿಂಗ್ ಅಂದರೆ ಪರಿಣತನಿಗೆ ಆ ಮೈದಾನ ಎಷ್ಟು ಕಷ್ಟ ಅನ್ನೋ ಸಂಖ್ಯೆ. ಪರಿಣತನಿಗಿಂತ ಸಾಮಾನ್ಯ ಆಟಗಾರನಿಗೆ ಅದು ಎಷ್ಟು ಹೆಚ್ಚು ಕಷ್ಟ ಅನ್ನೋದನ್ನು ಸ್ಲೋಪ್ ಹೇಳುತ್ತದೆ. ಅದರ ಪ್ರಮಾಣಿತ ಬೆಲೆ 113. ಉದಾಹರಣೆಗೆ ರೇಟಿಂಗ್ 71.3, ಸ್ಲೋಪ್ 126 ಇರುವ ಕಡೆ ಒಬ್ಬರು 92 ಹೊಡೆದರೆ ಡಿಫರೆನ್ಷಿಯಲ್ 18.6. ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿಯೇ ಅವರ ಹ್ಯಾಂಡಿಕ್ಯಾಪ್ ಇಂಡೆಕ್ಸ್.

ಸೂತ್ರ ಎಷ್ಟೇ ನಾಜೂಕಾಗಿರಲಿ, ಅದರೊಳಗೆ ಹಾಕುವ ಸ್ಕೋರ್ ಎಲ್ಲಿಂದ ಬರುತ್ತದೆ? ಆಟಗಾರನಿಂದಲೇ! ಕ್ರಿಕೆಟ್‌ನಂತೆ ಇಲ್ಲಿ ಪ್ರತಿ ಚೆಂಡಿಗೂ ಅಂಪೈರ್ ನಿಂತಿರೋದಿಲ್ಲ. ಜೊತೆಯಲ್ಲಿ ಆಡುವವರು ಮಾರ್ಕರ್ ಆಗಿ ನಿಮ್ಮ ಕಾರ್ಡ್ ಬರೆಯುತ್ತಾರೆ, ನಿಜ. ಆದರೆ ನೀವು ರಫ್‌ನಲ್ಲಿ ಒಬ್ಬರೇ ಇರುವಾಗ ಚೆಂಡು ಅಲುಗಾಡಿತೋ ಇಲ್ಲವೋ ಅಂತ ಹೇಳಬೇಕಾದವರು ನೀವೇ.

3. ಬಾಬಿ ಜೋನ್ಸ್, ಮೆಕ್ಯಾನಿಕಲ್ ಬ್ರಾಂಚ್

ಜೋನ್ಸ್ ಹುಟ್ಟಿದ್ದು 1902ರ ಮಾರ್ಚ್ 17ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ಚಿಕ್ಕಂದಿನಲ್ಲಿ ಕಾಯಿಲೆಯ ಹುಡುಗ. ಈಸ್ಟ್ ಲೇಕ್ ಮೈದಾನದ ಪಕ್ಕದಲ್ಲೇ ಮನೆ. ಅಲ್ಲಿದ್ದ ಸ್ಕಾಟ್ಲೆಂಡ್ ಮೂಲದ ವೃತ್ತಿಪರ ಸ್ಟುವರ್ಟ್ ಮೇಡನ್ ಆಡೋದನ್ನು ಹಿಂದೆ ಹಿಂದೆ ಹೋಗಿ ನೋಡಿ, ಹಾಗೇ ಅನುಕರಿಸಿ ಆಟ ಕಲಿತ. 14ನೇ ವಯಸ್ಸಿಗೇ, 1916ರಲ್ಲಿ, ಮೆರಿಯನ್ ಮೈದಾನದಲ್ಲಿ ನಡೆದ ಯು.ಎಸ್. ಅಮೆಚೂರ್ ಟೂರ್ನಮೆಂಟ್‌ನ ಕ್ವಾರ್ಟರ್‌ಫೈನಲ್ ತಲುಪಿದ.

ಆಟದ ಜೊತೆ ಓದು ನಿಲ್ಲಲಿಲ್ಲ. 1922ರಲ್ಲಿ ಜಾರ್ಜಿಯಾ ಟೆಕ್‌ನಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ, ಆಮೇಲೆ 1924ರಲ್ಲಿ ಹಾರ್ವರ್ಡ್‌ನಿಂದ ಇಂಗ್ಲಿಷ್ ಸಾಹಿತ್ಯದ ಪದವಿ. ನಂತರ ಎಮರಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಾ, ಕೋರ್ಸ್ ಮುಗಿಯುವ ಮೊದಲೇ ವಕೀಲರ ಪರೀಕ್ಷೆ ಪಾಸು ಮಾಡಿ ವಕೀಲಿಕೆಗೆ ಇಳಿದರು. ವರ್ಷಕ್ಕೆ ಆಡುತ್ತಿದ್ದದ್ದು ಕೆಲವೇ ಟೂರ್ನಮೆಂಟ್. 'ಅಸೈನ್‌ಮೆಂಟ್ ಇದೆ, ಟೈಮ್ ಇಲ್ಲ' ಅಂತ ನಾವು ಹೇಳುವಾಗ ಒಮ್ಮೆ ಇವರನ್ನು ನೆನೆಯಬಹುದು.

4. ಬರಗಾಲದ ಏಳು ವರ್ಷ

1916ರಿಂದ 1922ರವರೆಗೆ ಜೋನ್ಸ್ ದೊಡ್ಡ ಟೂರ್ನಮೆಂಟ್ ಒಂದನ್ನೂ ಗೆಲ್ಲಲಿಲ್ಲ. ಪ್ರತಿಭೆಗೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಸಿಟ್ಟಿನ ಮೇಲಿನ ಹಿಡಿತಕ್ಕೆ. ತನ್ನ ಹೊಡೆತ ಕೆಟ್ಟರೆ ಕ್ಲಬ್ ಎಸೆಯೋದು, ಬೈದುಕೊಳ್ಳೋದು. 1921ರಲ್ಲಿ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್‌ನ ಮೂರನೇ ಸುತ್ತು. ಮೊದಲ ಒಂಬತ್ತು ಕುಳಿಗೆ 46 ಹೊಡೆತ. ಹನ್ನೊಂದನೇ ಕುಳಿಯ ಬಂಕರ್‌ನಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ಚೆಂಡು ಎತ್ತಿಕೊಂಡು ಸ್ಪರ್ಧೆಯನ್ನೇ ಬಿಟ್ಟರು. ಅದೇ ವರ್ಷ ಅಮೆರಿಕದಲ್ಲಿ ಎಸೆದ ಕ್ಲಬ್ ಒಬ್ಬ ಪ್ರೇಕ್ಷಕಿಯ ಕಾಲಿಗೆ ತಗುಲಿ, ಹೀಗೇ ಮುಂದುವರಿದರೆ ಟೂರ್ನಮೆಂಟ್‌ಗೆ ಸೇರಿಸೋದಿಲ್ಲ ಅಂತ ಅಲ್ಲಿನ ಗಾಲ್ಫ್ ಸಂಸ್ಥೆಯಿಂದ ಎಚ್ಚರಿಕೆಯ ಪತ್ರ ಬಂತು.

ಮುಂದೆ ಪ್ರಾಮಾಣಿಕತೆಗೆ ಹೆಸರಾದ ಮನುಷ್ಯ ಹತ್ತೊಂಬತ್ತರಲ್ಲಿ ಹೀಗಿದ್ದರು. ಅದಕ್ಕೇ ಅವರ ಬದಲಾವಣೆಯನ್ನು ಗಮನವಿಟ್ಟು ನೋಡಬೇಕು.

5. ಎದುರಾಳಿ ಯಾರು? 'ಪಾರ್ ಅಜ್ಜ'

ಜೋನ್ಸ್ ಕಂಡುಕೊಂಡ ಉಪಾಯ ಸರಳ. ಎದುರಿಗಿರುವ ಮನುಷ್ಯನ ವಿರುದ್ಧ ಆಡೋದನ್ನು ಬಿಟ್ಟು, ಪಾರ್ ಅನ್ನೋ ಸಂಖ್ಯೆಯ ವಿರುದ್ಧ ಆಡಲು ಶುರುಮಾಡಿದರು. ಅದನ್ನು ಒಬ್ಬ ಮುದುಕನ ಹಾಗೆ ಕಲ್ಪಿಸಿಕೊಂಡಿದ್ದರು. ನಾವು 'ಪಾರ್ ಅಜ್ಜ' ಅನ್ನೋಣ. ಈ ಅಜ್ಜ ಅದ್ಭುತ ಹೊಡೆತ ಹೊಡೆಯೋದಿಲ್ಲ, ಕೆಟ್ಟ ಹೊಡೆತವನ್ನೂ ಹೊಡೆಯೋದಿಲ್ಲ. ಸಿಟ್ಟಾಗೋದಿಲ್ಲ, ಬೀಗೋದಿಲ್ಲ. ಅವನ ಜೊತೆ ಹೆಜ್ಜೆ ಹಾಕುತ್ತಾ ಹೋದರೆ ಬೇರೆಯವರು ತಾವಾಗಿ ಹಿಂದೆ ಬೀಳುತ್ತಾರೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಹೊಸದೇನಲ್ಲ. ರೆಫರೆನ್ಸ್ ಸ್ಥಿರವಾಗಿರಬೇಕು. ಎದುರಾಳಿಯನ್ನು ರೆಫರೆನ್ಸ್ ಮಾಡಿಕೊಂಡರೆ ಅವನು ಏರಿದಾಗ ನಾವು ಗಾಬರಿ, ಅವನು ಇಳಿದಾಗ ನಾವು ಸಡಿಲ, ಔಟ್‌ಪುಟ್ ತೂರಾಡುತ್ತದೆ. ಆ ಕಾಲದ ದೊಡ್ಡ ವೃತ್ತಿಪರ ವಾಲ್ಟರ್ ಹೇಗನ್ ಇನ್ನೊಂದು ದಾರಿಯಿಂದ ಇದೇ ಜಾಗ ತಲುಪಿದ್ದರು. ಪ್ರತಿ ಸುತ್ತಿಗೂ ಏಳು ಕೆಟ್ಟ ಹೊಡೆತ ಬಂದೇ ಬರುತ್ತವೆ ಅಂತ ಮೊದಲೇ ಲೆಕ್ಕ ಹಿಡಿದಿಡುತ್ತಿದ್ದರಂತೆ. ಒಂದು ಕೆಟ್ಟರೆ 'ಏಳರಲ್ಲಿ ಒಂದು ಮುಗೀತು' ಅಂದುಕೊಂಡು ಮುಂದೆ ನಡೆಯೋದು. ಇದನ್ನೇ ನಾವು ಎರರ್ ಬಜೆಟ್ ಅನ್ನುತ್ತೇವೆ.

ಫಲಿತಾಂಶ? 1923ರಿಂದ 1930ರವರೆಗಿನ ಎಂಟು ವರ್ಷಗಳಲ್ಲಿ ಜೋನ್ಸ್ ಗೆದ್ದ ದೊಡ್ಡ ಪ್ರಶಸ್ತಿಗಳು ಹದಿಮೂರು: ನಾಲ್ಕು ಯು.ಎಸ್. ಓಪನ್, ಮೂರು ಬ್ರಿಟಿಷ್ ಓಪನ್, ಐದು ಯು.ಎಸ್. ಅಮೆಚೂರ್, ಒಂದು ಬ್ರಿಟಿಷ್ ಅಮೆಚೂರ್.

6. ಟೂರ್ನಮೆಂಟ್‌ಗೆ ತಯಾರಿ

ಜೋನ್ಸ್ ಆಡಿದ್ದು ಹಿಕರಿ ಮರದ ಹಿಡಿಯ ಕ್ಲಬ್‌ಗಳಿಂದ. ಇವತ್ತಿನ ಸಾಮಗ್ರಿಯೇ ಬೇರೆ. ಆದರೂ ತಯಾರಿಯ ತತ್ವ ಅಷ್ಟೇನೂ ಬದಲಾಗಿಲ್ಲ. ಒಬ್ಬ ಹವ್ಯಾಸಿ ಮಾಡಬೇಕಾದ್ದನ್ನು ನಾಲ್ಕು ಹಂತಗಳಲ್ಲಿ ಹೇಳಬಹುದು.

ಮೊದಲನೆಯದು, ಸ್ವಂತ ಡೇಟಾ. ಪ್ರತಿ ಕುಳಿಗೆ ಎಷ್ಟು ಪಟ್, ಚೆಂಡು ತಪ್ಪಿದ್ದು ಎಡಕ್ಕೋ ಬಲಕ್ಕೋ, ದಂಡದ ಹೊಡೆತ ಎಷ್ಟು ಅಂತ ಬರೆದಿಡೋದು. ಹತ್ತು ಸುತ್ತು ಬರೆದರೆ ತನ್ನ ರೋಗ ತನಗೇ ಕಾಣುತ್ತದೆ.

ಎರಡನೆಯದು, ಅಭ್ಯಾಸದ ಹಂಚಿಕೆ. 1926ರ ಬ್ರಿಟಿಷ್ ಓಪನ್‌ನ ಅರ್ಹತಾ ಸುತ್ತಿನಲ್ಲಿ, ಸನ್ನಿಂಗ್‌ಡೇಲ್ ಮೈದಾನದಲ್ಲಿ ಜೋನ್ಸ್ 66 ಹೊಡೆದರು. ಮೊದಲರ್ಧ 33, ಎರಡನೆಯರ್ಧ 33. ಅದರಲ್ಲಿ ಪಟ್ 33, ಉಳಿದ ಹೊಡೆತ 33! ಇಂಥ ಸುತ್ತಿನಲ್ಲೂ ಅರ್ಧ ಕೆಲಸ ಗ್ರೀನ್ ಮೇಲೆ ಅಂದಮೇಲೆ, ಇರುವ ಒಂದು ಗಂಟೆಯನ್ನೆಲ್ಲ ಡ್ರೈವರ್ ಬೀಸೋದಕ್ಕೇ ಕೊಟ್ಟರೆ ಲೆಕ್ಕ ಕೂಡೋದಿಲ್ಲ.

ಮೂರನೆಯದು, ಗುರಿ. ಬಾವುಟ ಬಂಕರ್ ಪಕ್ಕದಲ್ಲಿದ್ದರೆ ಬಾವುಟಕ್ಕೇ ಗುರಿಯಿಡೋದು ಜಾಣತನವಲ್ಲ. ನಿಮ್ಮ ಹೊಡೆತಗಳು ಎಷ್ಟು ಅಗಲಕ್ಕೆ ಹರಡುತ್ತವೋ ಆ ಹರವು ಪೂರ್ತಿ ಗ್ರೀನ್ ಮೇಲೆ ಬೀಳುವ ಹಾಗೆ ಗುರಿ ಸರಿಸಬೇಕು.

ನಾಲ್ಕನೆಯದು, ಸ್ಪರ್ಧೆಯ ರೂಢಿ. ಮುಖ್ಯ ಟೂರ್ನಮೆಂಟ್‌ಗೆ ಮೊದಲು ಸಣ್ಣ ಸ್ಪರ್ಧೆಗಳಲ್ಲಿ ಆಡಿ, ಒತ್ತಡ ಅಭ್ಯಾಸ ಮಾಡಿಕೊಳ್ಳೋದು. ಜೋನ್ಸ್ 1930ರ ಶುರುವಿನಲ್ಲಿ ಸವಾನಾದಲ್ಲಿ ಆಡಿ ಹಾರ್ಟನ್ ಸ್ಮಿತ್‌ಗೆ ಒಂದು ಹೊಡೆತದಿಂದ ಸೋತರು, ಆಮೇಲೆ ಆಗಸ್ಟಾದಲ್ಲಿ 13 ಹೊಡೆತಗಳಿಂದ ಗೆದ್ದರು. ಆ ವರ್ಷ ಏನಾಯಿತು ಅನ್ನೋದಕ್ಕೆ ಮುಂದೆ ಬರೋಣ.

7. 1925, ವೂಸ್ಟರ್: ಹನ್ನೊಂದನೇ ಕುಳಿ

ಮೆಸಾಚುಸೆಟ್ಸ್‌ನ ವೂಸ್ಟರ್ ಕಂಟ್ರಿ ಕ್ಲಬ್‌ನಲ್ಲಿ ಯು.ಎಸ್. ಓಪನ್‌ನ ಮೊದಲ ಸುತ್ತು. ಜೊತೆಗಾರ ಇದೇ ವಾಲ್ಟರ್ ಹೇಗನ್. ಹನ್ನೊಂದನೇ ಕುಳಿಯಲ್ಲಿ ಜೋನ್ಸ್ ಹೊಡೆದ ಚೆಂಡು ಗ್ರೀನ್ ಪಕ್ಕದ ದಿಬ್ಬದ ಉದ್ದ ಹುಲ್ಲಿನಲ್ಲಿ ನಿಂತಿತು. ಹೊಡೆಯಲು ಸಿದ್ಧರಾಗಿ ಕ್ಲಬ್ ಇಡುವಾಗ ಅದು ಹುಲ್ಲಿಗೆ ತಾಗಿ ಚೆಂಡು ಒಂಚೂರು ಅಲುಗಿತು.

ಜೋನ್ಸ್ ಹೊಡೆತ ಮುಗಿಸಿ, ಚೆಂಡು ಅಲುಗಿತು, ತನಗೆ ಒಂದು ಹೊಡೆತದ ದಂಡ ಅಂತ ಹೇಳಿದರು. ಹೇಗನ್ ನೋಡಿರಲಿಲ್ಲ. ಅಧಿಕಾರಿಗಳು ನೋಡಿರಲಿಲ್ಲ. ಸುತ್ತಲಿನ ಜನರನ್ನು ಕೇಳಿದರೆ ಅವರೂ ನೋಡಿರಲಿಲ್ಲ. ಕೊನೆಗೆ ತೀರ್ಮಾನ ಜೋನ್ಸ್‌ಗೇ ಬಿಟ್ಟರು. ಅವರು ದಂಡ ಹಾಕಿಕೊಂಡರು. 76 ಆಗಬೇಕಿದ್ದ ಸ್ಕೋರ್ 77 ಆಯಿತು.

ಈಗ ಮುಂದಿನ ಲೆಕ್ಕ ನೋಡಿ. ನಾಲ್ಕು ಸುತ್ತು ಮುಗಿದಾಗ ಜೋನ್ಸ್: 77 + 70 + 70 + 74 = 291. ವಿಲಿ ಮ್ಯಾಕ್‌ಫಾರ್ಲೇನ್: 74 + 67 + 72 + 78 = 291. ಸಮ! ಆ ಒಂದು ದಂಡ ಇಲ್ಲದಿದ್ದರೆ 290, ಅಲ್ಲಿಗೇ ಪ್ರಶಸ್ತಿ. 18 ಕುಳಿಗಳ ಪ್ಲೇಆಫ್ ಆಡಿದರು, ಇಬ್ಬರಿಗೂ 75. ಮತ್ತೆ 18 ಕುಳಿ. ಮ್ಯಾಕ್‌ಫಾರ್ಲೇನ್ 72, ಜೋನ್ಸ್ 73. ಒಟ್ಟು 108 ಕುಳಿ ಆಡಿದ ಮೇಲೆ ಜೋನ್ಸ್ ಒಂದೇ ಹೊಡೆತದಿಂದ ಸೋತರು.

ಹೊಗಳಿದವರಿಗೆ ಅವರು ಕೊಟ್ಟ ಉತ್ತರ ಗಾಲ್ಫ್ ಲೋಕದಲ್ಲಿ ಈಗಲೂ ಪ್ರಸಿದ್ಧ: ಬ್ಯಾಂಕ್ ದರೋಡೆ ಮಾಡಲಿಲ್ಲ ಅಂತ ಯಾರನ್ನಾದರೂ ಹೊಗಳುತ್ತಾರೆಯೇ, ಅನ್ನುವ ಅರ್ಥದ ಮಾತು. ಮರುವರ್ಷದ ಯು.ಎಸ್. ಓಪನ್‌ನಲ್ಲೂ ಗ್ರೀನ್ ಮೇಲೆ ಚೆಂಡು ಅಲುಗಿ, ಮತ್ತೆ ತಾವೇ ದಂಡ ಹಾಕಿಕೊಂಡರು. ಆ ಸಲ ಗೆದ್ದರು, ಅದೂ ಒಂದೇ ಹೊಡೆತದಿಂದ. ಎರಡೂ ಸಲ ಮಾಡಿದ್ದು ಒಂದೇ ಕೆಲಸ, ಫಲ ಮಾತ್ರ ಬೇರೆ ಬೇರೆ. ಸತ್ಯ ಹೇಳಿದರೆ ಗೆಲುವು ಸಿಕ್ಕೇ ಸಿಗುತ್ತದೆ ಅನ್ನೋ ನೀತಿಕತೆ ಇಲ್ಲಿ ನಡೆಯೋದಿಲ್ಲ. 1925ರಲ್ಲಿ ಸತ್ಯಕ್ಕೆ ಒಂದು ಚಾಂಪಿಯನ್‌ಷಿಪ್ ಬೆಲೆ ತೆರಬೇಕಾಯಿತು.

ಇವತ್ತಿನ ನಿಯಮದಲ್ಲಿ ಒಂದು ಕುತೂಹಲದ ಅಂಶವಿದೆ. 2019ರಿಂದ ಗ್ರೀನ್ ಮೇಲೆ ಚೆಂಡು ಆಕಸ್ಮಿಕವಾಗಿ ಅಲುಗಿದರೆ ದಂಡವಿಲ್ಲ. ಆದರೆ ರಫ್‌ನಲ್ಲಿ ಆಟಗಾರನಿಂದಲೇ ಅಲುಗಿದರೆ ಈಗಲೂ ಒಂದು ಹೊಡೆತ ದಂಡ. ಅವನಿಂದಲೇ ಅಲುಗಿತು ಅಂತ ಖಚಿತವಾಗಿ ಗೊತ್ತಿರಬೇಕು, ಇಲ್ಲವೇ ಅದರ ಸಾಧ್ಯತೆ ಕನಿಷ್ಠ 95 ಶೇಕಡಾ ಇರಬೇಕು. ನಮ್ಮ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದ 95 ಶೇಕಡಾ ಗಾಲ್ಫ್ ನಿಯಮದಲ್ಲೂ ಸಿಕ್ಕಿತು, ನೋಡಿ!

8. 1930: ನಾಲ್ಕಕ್ಕೆ ನಾಲ್ಕು

ಆಗಿನ ನಾಲ್ಕು ದೊಡ್ಡ ಟೂರ್ನಮೆಂಟ್‌ಗಳನ್ನು ಒಂದೇ ವರ್ಷ ಯಾರೂ ಗೆದ್ದಿರಲಿಲ್ಲ. ಮೇ ಕೊನೆಯಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಅಮೆಚೂರ್. ಇದು ಒಬ್ಬರ ವಿರುದ್ಧ ಒಬ್ಬರು ಆಡುವ ಮಾದರಿ, ಒಂದು ಪಂದ್ಯ ಸೋತರೆ ಮನೆಗೆ. ಸಿರಿಲ್ ಟಾಲಿ ವಿರುದ್ಧ ಹತ್ತೊಂಬತ್ತನೇ ಕುಳಿಯವರೆಗೆ ಎಳೆದಾಡಿ ಗೆದ್ದರು. ಸೆಮಿಫೈನಲ್‌ನಲ್ಲಿ ಐದು ಕುಳಿ ಉಳಿದಿದ್ದಾಗ ಎರಡು ಹಿಂದೆ ಇದ್ದು, ಕೊನೆಗೆ ಒಂದು ಅಂತರದಿಂದ ಪಾರಾದರು. ಒಂಬತ್ತು ವರ್ಷಗಳ ಹಿಂದೆ ಚೆಂಡು ಎತ್ತಿಕೊಂಡು ಹೊರಟುಹೋದ ಅದೇ ಮೈದಾನದಲ್ಲಿ, ಫೈನಲ್‌ನಲ್ಲಿ ರಾಜರ್ ವೆದರೆಡ್ ಅವರನ್ನು ಸುಲಭವಾಗಿ ಸೋಲಿಸಿದರು.

ಜೂನ್‌ನಲ್ಲಿ ಹಾಯ್‌ಲೇಕ್‌ನಲ್ಲಿ ಬ್ರಿಟಿಷ್ ಓಪನ್. ಕೊನೆಯ ಸುತ್ತಿನ ಎಂಟನೇ ಕುಳಿ, ಪಾರ್ 5. ಎರಡೇ ಹೊಡೆತಕ್ಕೆ ಗ್ರೀನ್ ಹತ್ತಿರ ತಲುಪಿದ್ದ ಜೋನ್ಸ್ ಅಲ್ಲಿಂದ ಐದು ಹೊಡೆತ ತೆಗೆದುಕೊಂಡರು, ಒಟ್ಟು ಏಳು. 1921ರ ಜೋನ್ಸ್ ಆಗಿದ್ದರೆ ಕ್ಲಬ್ ಹಾರುತ್ತಿತ್ತು. ಇವರು ಮುಂದಿನ ಟೀಗೆ ನಡೆದರು, ಎರಡು ಹೊಡೆತಗಳಿಂದ ಗೆದ್ದರು. ಜುಲೈನ ಬೇಗೆಯಲ್ಲಿ ಮಿನಿಯಾಪೊಲಿಸ್ ಬಳಿಯ ಇಂಟರ್‌ಲಾಕೆನ್‌ನಲ್ಲಿ ಯು.ಎಸ್. ಓಪನ್, ಮತ್ತೆ ಎರಡು ಹೊಡೆತಗಳ ಗೆಲುವು. ಸೆಪ್ಟೆಂಬರ್‌ನಲ್ಲಿ, ಹದಿನಾಲ್ಕರ ಹುಡುಗನಾಗಿ ಮೊದಲು ಆಡಿದ್ದ ಮೆರಿಯನ್‌ನಲ್ಲೇ ಯು.ಎಸ್. ಅಮೆಚೂರ್ ಗೆದ್ದು ನಾಲ್ಕನ್ನೂ ಮುಗಿಸಿದರು. ನವೆಂಬರ್‌ನಲ್ಲಿ, 28ನೇ ವಯಸ್ಸಿಗೆ, ಸ್ಪರ್ಧೆಗಳಿಂದ ನಿವೃತ್ತಿ. ಆಮೇಲೆ ಆಗಸ್ಟಾದಲ್ಲಿ ಮೈದಾನ ಕಟ್ಟಿಸುವುದರಲ್ಲಿ ಮುಂದಾದರು. ಈಗ ಮಾಸ್ಟರ್ಸ್ ಅನ್ನುವ ಟೂರ್ನಮೆಂಟ್ ಅಲ್ಲಿ 1934ರಲ್ಲಿ ಶುರುವಾಯಿತು.

9. ನಮ್ಮ ಲ್ಯಾಬಿಗೆ ಇದರಿಂದ ಏನು?

ಲ್ಯಾಬ್‌ನಲ್ಲಿ ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುತ್ತದೆ. ಉಕ್ಕಿನ ಯಂಗ್ಸ್ ಮಾಡ್ಯುಲಸ್ ಸುಮಾರು 200 ಗಿಗಾಪ್ಯಾಸ್ಕಲ್. ಐದು ಬಿಂದು ನೇರ ರೇಖೆಯಲ್ಲಿ ಕೂತು, ಆರನೆಯದು ಮಾತ್ರ ಹೊರಗೆ ನಿಂತರೆ ಅದನ್ನು ಪೆನ್ಸಿಲ್ ತುದಿಯಿಂದ ಒಂಚೂರು ಒಳಗೆ ಸರಿಸೋಣ ಅನ್ನೋ ಆಸೆ ಯಾವ ಬ್ಯಾಚ್‌ಗೂ ಹೊಸದಲ್ಲ. ಯಾರೂ ನೋಡೋದಿಲ್ಲ. ಮಾರ್ಕ್ಸ್ ಬರುತ್ತದೆ.

ಆದರೆ ಆ ಆರನೇ ಬಿಂದು ಏನೋ ಹೇಳುತ್ತಿತ್ತು. ಎಕ್ಸ್‌ಟೆನ್ಸೋಮೀಟರ್ ಜಾರಿತ್ತೋ, ಡಯಲ್‌ನ ಝೀರೋ ಎರರ್ ನೋಡಿರಲಿಲ್ಲವೋ, ಲೋಡ್ ಸ್ಥಿತಿಸ್ಥಾಪಕ ಮಿತಿ ದಾಟಿತ್ತೋ. ಸರಿಸಿದ ಕ್ಷಣ ಆ ಮಾಹಿತಿ ಅಳಿಸಿಹೋಯಿತು. ಸುಳ್ಳು ಕಾರ್ಡ್ ಇಟ್ಟುಕೊಂಡ ಗಾಲ್ಫರ್‌ನ ಪಾಡೂ ಇದೇ. ಮೂರು ಪಟ್ ಹಾಕಿದ ಕಡೆ ಎರಡು ಅಂತ ಬರೆದವನಿಗೆ ತಾನು ಪಟ್ ಅಭ್ಯಾಸ ಮಾಡಬೇಕು ಅಂತ ಎಂದಿಗೂ ತಿಳಿಯೋದಿಲ್ಲ. ಸಿಟ್ಟಿನ ಹುಡುಗ ಬದಲಾಗಲು ಸಾಧ್ಯವಾದದ್ದು 46ನ್ನು 46 ಅಂತಲೇ ನೋಡಿದ್ದರಿಂದ. ಕಾಲೇಜಿನಲ್ಲಿ ಬಿಂದು ಸರಿಸಿದರೆ ಹೋಗೋದು ಒಂದು ಗ್ರಾಫ್. ನಾಳೆ ಸೇತುವೆಯ ವೆಲ್ಡ್ ಪರೀಕ್ಷೆ, ಬ್ರೇಕ್ ಪರೀಕ್ಷೆಯ ವರದಿ ಬರೆಯುವಾಗ ಇದೇ ಕೈ, ಇದೇ ಪೆನ್ಸಿಲ್ ಇರುತ್ತದೆ. ಆಗಲೂ ಆ ರೀಡಿಂಗ್ ನೋಡಿದವರು ಬಹುಶಃ ನಾವೊಬ್ಬರೇ ಆಗಿರುತ್ತೇವೆ.

10. ಅಭ್ಯಾಸಕ್ಕೆ

ಅ) 2 ಮೀಟರ್ ದೂರದ ಪಟ್‌ಗೆ ದಿಕ್ಕಿನಲ್ಲಿ ಎಷ್ಟು ಡಿಗ್ರಿ ತಪ್ಪಬಹುದು? (ಉತ್ತರ: ಎರಡೂ ಬದಿಗೆ ಸುಮಾರು 1.5 ಡಿಗ್ರಿ.)

ಆ) ಆಯಾ ಮೈದಾನಕ್ಕೆ ಸಿಗುವ ಹ್ಯಾಂಡಿಕ್ಯಾಪ್ = ಇಂಡೆಕ್ಸ್ × (ಸ್ಲೋಪ್ ÷ 113) + (ಕೋರ್ಸ್ ರೇಟಿಂಗ್ − ಪಾರ್). ಇಂಡೆಕ್ಸ್ 16.4, ಸ್ಲೋಪ್ 126, ರೇಟಿಂಗ್ 71.3, ಪಾರ್ 72 ಇದ್ದರೆ ಎಷ್ಟು? (ಉತ್ತರ: 17.6, ಅಂದರೆ 18.)

ಇ) ನಿಮ್ಮ ಹಿಂದಿನ ಸೆಮಿಸ್ಟರ್‌ನ ಒಂದು ಲ್ಯಾಬ್ ರೆಕಾರ್ಡ್ ತೆಗೆಯಿರಿ. ರೇಖೆಯಿಂದ ಅತಿ ದೂರ ನಿಂತ ಬಿಂದು ಯಾವುದು, ಅದು ಯಾಕೆ ಅಲ್ಲಿದೆ ಅಂತ ಎರಡು ಸಾಲು ಬರೆಯಿರಿ. ಇದಕ್ಕೆ ಉತ್ತರ ನಾವು ಕೊಡಲಾಗದು, ರೀಡಿಂಗ್ ತೆಗೆದವರು ನೀವು.